ಬೀದಿಯಲ್ಲೊಂದು ಭಜನಾ ಮಂಡಳಿ ಕಟ್ಟುವುದು ಹೇಗೆ

ಹೊಸ ಬಡಾವಣೆಗೆ ಬಂದು, ಗುರುತಿನವರಿಲ್ಲದೆ ಒಂಟಿಯಾಗಿದ್ದೀರಾ? ಭಜನೆಗೆ ಐದಾರು ಜನ, ಎರಡು ಜೊತೆ ತಾಳ ಸಾಕು. ಹಾರ್ಮೋನಿಯಂ ಆಮೇಲೆ ನೋಡಿಕೊಳ್ಳಬಹುದು. ವಾರ, ಹೊತ್ತು ಎರಡನ್ನೂ ಬದಲಿಸಬೇಡಿ: ಶನಿವಾರ ಸಂಜೆ 6ರಿಂದ 7 ಅಂದರೆ ಅಷ್ಟೇ. ಕರೆಯಲು ವಾಟ್ಸಾಪ್ ನೆಚ್ಚಬೇಡಿ, ಬಾಗಿಲು ತಟ್ಟಿ ಕರೆಯಿರಿ.

ಮಂಡಳಿ ಕೆಡುವುದು ಹೆಚ್ಚಾಗಿ ಶ್ರುತಿಯಿಂದ. ಚೆನ್ನಾಗಿ ಹಾಡುವವರು ತಮ್ಮ ಕಂಠಕ್ಕೆ ತಕ್ಕಂತೆ ಏರುಶ್ರುತಿ ಹಿಡಿದರೆ ಉಳಿದವರು ಬಾಯಿ ಮುಚ್ಚಿ ಕೂರುತ್ತಾರೆ, ಮೂರನೇ ವಾರ ಬರುವುದೇ ಇಲ್ಲ. ಶ್ರುತಿ ತಗ್ಗಿಸಿ. ಒಬ್ಬರು ಒಂದು ಸಾಲು ಹೇಳಲಿ, ಎಲ್ಲರೂ ಅದನ್ನೇ ತಿರುಗಿ ಹೇಳಲಿ. ದಾಸರ ಪದ ಬಾರದವರೂ ದನಿಗೂಡಿಸಬಹುದು. ಹಿಂದೆ ಗೋಡೆಗೊರಗಿ ಕೂತ ಹೊಸಬರ ಕೈಗೆ ತಾಳ ಕೊಡಿ. ತಪ್ಪಿದರೆ ತಪ್ಪಲಿ.

ಪ್ರಸಾದ ಒಂದೇ ಬಗೆ ಇರಲಿ, ಇಲ್ಲದಿದ್ದರೆ ಮನೆಮನೆಗೂ ಪೈಪೋಟಿ. ಹತ್ತು ಹನ್ನೆರಡು ಜನಕ್ಕೆ ಕಾಲು ಕೆಜಿ ಹೆಸರುಬೇಳೆ ಒಂದು ಗಂಟೆ ನೆನೆಸಿ ಕೋಸಂಬರಿ ಮಾಡಿ. ಉಪ್ಪು ಹಂಚುವ ಮುಂಚೆಯಷ್ಟೇ, ಇಲ್ಲವಾದರೆ ಸೌತೆಕಾಯಿ ನೀರು ಬಿಡುತ್ತದೆ. ಮಂಗಳಾರತಿ ಆದಮೇಲೆ ದೊನ್ನೆ ಹಿಡಿದು ಹರಟುವ ಇಪ್ಪತ್ತು ನಿಮಿಷಕ್ಕೆ ಅವಸರ ಬೇಡ, ಪರಿಚಯ ಬೆಳೆಯುವುದು ಆಗಲೇ. ಎರಡು ವಾರ ಕಾಣದವರ ಮನೆಗೆ ಪ್ರಸಾದ ಒಯ್ದು ಕೊಡಿ.