ಕಡೆಗೋಲಿನಲ್ಲಿ ಕಡೆದ ಮಾಚಾ ಲಾಟೆ: ನನ್ನ ಅನುಭವ

"ಅಕ್ಕಾ, ಬಿದಿರಿನ ಚಾಸೆನ್ ಇಲ್ದೆ ಮಾಚಾ ಆಗಲ್ಲ. ಕಡೆಗೋಲು ಮಜ್ಜಿಗೆಗೇ ಇರ್ಲಿ ಬಿಡಿ" ಎಂದಿದ್ದಳು ಪಕ್ಕದ ಮನೆ ಹುಡುಗಿ, ನಾನು ಕಡೆಗೋಲಲ್ಲೇ ಮಾಡ್ತೀನಿ ಅಂದಾಗ. ಮಾಚಾ ಅಂದ್ರೆ ಜಪಾನಿನ ಹಸಿರು ಚಹಾದ ನುಣ್ಣನೆ ಪುಡಿ, ಚಾಸೆನ್ ಅದನ್ನು ನೀರಲ್ಲಿ ಕಡೆಯುವ ಬಿದಿರಿನ ಕುಂಚ. ಹೋದ ಭಾನುವಾರ ಅವಳೇ ಎರಡನೇ ಲೋಟ ಕೇಳಿ ಕುಡಿದಳು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಆನ್‌ಲೈನಿನಲ್ಲಿ 100 ಗ್ರಾಂಗೆ ಸುಮಾರು 450 ರೂಪಾಯಿ ಕೊಟ್ಟು ತರಿಸಿದ ಪುಡಿ ಹಳದಿಗೆ ತಿರುಗಿತ್ತು. ಎಷ್ಟು ಸಕ್ಕರೆ ಸುರಿದರೂ ಕಹಿ ಹೋಗಲಿಲ್ಲ. ಆಮೇಲೆ ನೊರೆ ಬರಿಸೋ ಬ್ಯಾಟರಿ ಫ್ರಾದರ್, 300ರ ಹತ್ತಿರ. ನೊರೆ ಚೆನ್ನಾಗಿಯೇ ಬಂತು, ಗಂಟು ತಳದಲ್ಲಿ ಹಾಗೇ ಉಳಿಯಿತು. ಚಾಸೆನ್‌ಗೆ 900 ಕೊಟ್ಟಿದ್ದೆ. ಮಳೆಗಾಲದಲ್ಲಿ ಒದ್ದೆಯಲ್ಲೇ ಡಬ್ಬಿಯೊಳಗಿಟ್ಟೆ, ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯಿತು.

ಹೊಟ್ಟೆ ಉರಿದದ್ದು ಮಾತ್ರ ಜಪಾನಿನ ಕ್ಯೋಟೋ ಪಕ್ಕದ ಊರು ಉಜಿಯ ಪುಡಿಗೆ. 30 ಗ್ರಾಂ, 1,400 ಇರಬೇಕು. ಫ್ರಿಜ್‌ನಿಂದ ತೆಗೆದವಳೇ ಮುಚ್ಚಳ ಬಿಚ್ಚಿದೆ. ತಣ್ಣಗಿನ ಪುಡಿ ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಯಿತು, ಅರ್ಧ ಡಬ್ಬಿ ಹಾಳು. ಈಗ ಒಂದು ಗಂಟೆ ಮುಚ್ಚಿಯೇ ಹೊರಗಿಟ್ಟು ಆಮೇಲೆ ತೆಗೆಯುತ್ತೇನೆ. 2024ರ ಕೊನೆಗೆ ಕ್ಯೋಟೋದ ಹಳೇ ಚಹಾ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಿದ್ದವು. ಅಂಥಾ ಪುಡಿಯನ್ನು ಚೆಲ್ಲೋಕೆ ಮನಸ್ಸು ಬರುತ್ತಾ?

ಈಗ ಮಾಡೋದು ಹೀಗೆ. ಚಹಾ ಜರಡಿಯಲ್ಲಿ 2 ಗ್ರಾಂ ಪುಡಿ ಸೋಸಿ, ಒಂದು ಚಮಚ ತಣ್ಣೀರಿನಲ್ಲಿ ಗೋರಂಟಿ ಹದಕ್ಕೆ ಕಲಸುತ್ತೇನೆ. ಗಂಟು ಸಾಯೋದು ಇಲ್ಲೇ. ಕುದಿ ನೀರನ್ನು ಡಬರಿಗೆ ಹಾಕಿ, ಅಲ್ಲಿಂದ ಲೋಟಕ್ಕೆ ಸುರಿದರೆ 80 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಥರ್ಮಾಮೀಟರ್ ಇಟ್ಟೇ ನೋಡಿದ್ದೇನೆ. ಅದರಲ್ಲಿ ಅರ್ಧ ಲೋಟ ಮೀರದಷ್ಟು ನೀರನ್ನು ಕಲಸಿದ ಪುಡಿಗೆ ಹಾಕಿ, ಕಿರಿದಾದ ಸ್ಟೀಲ್ ಲೋಟದಲ್ಲೇ ಪುಟ್ಟ ಕಡೆಗೋಲಿನಿಂದ ಅರ್ಧ ನಿಮಿಷ ಕಡೆಯಬೇಕು. ಕಡೆಗೋಲು ಬೇರೆಯೇ ಇರಲಿ. ಮನೆಯದ್ದರಲ್ಲಿ ಮಾಡಿ ಹುಳಿ ಮಜ್ಜಿಗೆ ವಾಸನೆಯ ಲಾಟೆ ಕುಡಿದಿದ್ದೇನೆ. ಪರಿಷೆಯಲ್ಲಿ ಹೊಸದು 70 ರೂಪಾಯಿಗೆ ಸಿಕ್ಕಿತು.

ಹಾಲು 6% ಕೊಬ್ಬಿನದ್ದೇ ಆಗಬೇಕು, ತೆಳು ಹಾಲಲ್ಲಿ ಹಸಿ ಸೊಪ್ಪಿನ ರುಚಿ ಮುಂದೆ ಬರುತ್ತದೆ. ಬೆಳಿಗ್ಗೆ ಕಾಯಿಸಿದ್ದರ ಕೆನೆ ತೆಗೆದು, ಬೆರಳು ತಡೆಯುವಷ್ಟು ಮಾತ್ರ ಬಿಸಿ ಮಾಡಿ, ಫಿಲ್ಟರ್ ಕಾಫಿ ಥರ ಮೂರು ಸಲ ಎತ್ತಿ ಹೊಯ್ಯುತ್ತೇನೆ. ಆ ನೊರೆ ನೋಡಿದ ಮೇಲೆ ನನಗೆ ಯಾವ ಮೆಷೀನೂ ಬೇಡ ಅನ್ನಿಸಿದೆ. ಒಂದು ಲೋಟಕ್ಕೆ ಹೆಚ್ಚೂಕಡಿಮೆ 105 ರೂಪಾಯಿ. ಹೊರಗೆ ಇದಕ್ಕೇ 350 ಕೊಡುತ್ತಿದ್ದೆ, ರುಚಿ ನನ್ನದೇ ಜಾಸ್ತಿ.

ಬೆಲ್ಲ ಹಾಕಿದ್ದೂ ಉಂಟು. ಬಿಸಿ ಹಾಲಿಗೆ ಹಳೇ ಬೆಲ್ಲ ಬಿದ್ದು ಎರಡು ಸಲ ಒಡೆಯಿತು. ಬೆಲ್ಲವನ್ನು ಹಸಿರು ನೀರಿನಲ್ಲೇ ಕರಗಿಸಿ, ಹಾಲು ಆರಿದ ಮೇಲೆ ಸೇರಿಸಿದಾಗ ನಿಂತಿತು. ನುಗ್ಗೆ ಸೊಪ್ಪಿನ ಪುಡಿ ಅರ್ಧಕ್ಕರ್ಧ ಬೆರೆಸಿ ಉಳಿತಾಯ ಮಾಡೋಣ ಎಂದುಕೊಂಡೆ, ಸಾರಿನ ವಾಸನೆ ಬಂತು. ಎಳನೀರಿನಲ್ಲಿ ಮಾತ್ರ ಅದ್ಭುತ, ಹಾಲೇ ಬೇಡ.

ಪುಡಿ ಒಂದೇ ಊರಿನದ್ದಲ್ಲ. ಉಜಿಯದ್ದಕ್ಕೆ ದಕ್ಷಿಣ ಜಪಾನಿನ ಕಗೋಶಿಮಾದ್ದು ಬೆರೆಸುತ್ತೇನೆ. ಎಷ್ಟಕ್ಕೆ ಎಷ್ಟು ಅನ್ನೋದನ್ನು ಪಕ್ಕದ ಮನೆ ಹುಡುಗಿಗೂ ಇನ್ನೂ ಹೇಳಿಲ್ಲ.