ಟರ್ಬೈನ್ ಜೆಟ್‌ಗೆ ಮುನ್ನ ಕೈ ಪಳಗಿಸಿಕೊಂಡ ಬಗೆ

ಅಮೆರಿಕದಲ್ಲಿ ಮಾಡೆಲ್ ವಿಮಾನ ಹಾರಿಸುವವರ ಸಂಸ್ಥೆಯಾದ ಎಎಂಎ, ಟರ್ಬೈನ್, ಅಂದರೆ ಸೀಮೆಎಣ್ಣೆ ಉರಿಸುವ ಪುಟ್ಟ ಜೆಟ್ ಎಂಜಿನ್ನಿನ ವಿಮಾನ ಹಾರಿಸಬಯಸುವ ಸದಸ್ಯರು ಪ್ರತ್ಯೇಕ ಅನುಮತಿ ಪಡೆದಿರಬೇಕೆಂದು ಕೇಳುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷವೇ ಆ ಅನುಮತಿಯ ಆಸೆ ನನ್ನಲ್ಲಿ ಹುಟ್ಟಿತಾದರೂ, ಅರ್ಜಿ ಹಾಕಿದ್ದು ನಾಲ್ಕು ವರ್ಷಗಳ ನಂತರ. ಆ ವಿಳಂಬ ಸರಿಯಾಗಿತ್ತೆಂದೇ ಈಗಲೂ ನಂಬಿದ್ದೇನೆ.

ಹೊಸಬರು ಕಲಿಯಲು ಬಳಸುವ ಮೇಲ್ರೆಕ್ಕೆಯ ಟ್ರೈನರ್‌ನಲ್ಲಿ ಒಂದು ಬೇಸಿಗೆ ಕಳೆಯಿತು. ನಂತರ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಬಾಗಿಸುವ ಹಲಗೆ) ಮತ್ತು ಮಡಚುವ ಚಕ್ರಗಳಿದ್ದ ಕೆಳರೆಕ್ಕೆಯ ವಿಮಾನಕ್ಕೆ ಬಂದೆ. ನಿಜವಾದ ಕಲಿಕೆ ಆರಂಭವಾದದ್ದು 90 ಮಿ.ಮೀ. ವಿದ್ಯುತ್ ಫ್ಯಾನಿನ ಜೆಟ್ ಕೈಗೆ ಬಂದಾಗ. ಪ್ರೊಪೆಲ್ಲರ್ ವಿಮಾನದಲ್ಲಿ ಥ್ರಾಟಲ್ ಏರಿಸಿದೊಡನೆ ಅದು ಬೀಸುವ ಗಾಳಿ ರೆಕ್ಕೆ ಮತ್ತು ಬಾಲದ ಮೇಲೆ ಹಾಯ್ದು, ವೇಗ ಕುಗ್ಗಿದ ವಿಮಾನವನ್ನೂ ಎತ್ತಿ ಹಿಡಿಯುತ್ತದೆ. ಜೆಟ್‌ನಲ್ಲಿ ಆ ಆಸರೆ ಇಲ್ಲ. ಇದನ್ನು ಓದಿ ತಿಳಿದಿದ್ದರೂ ಕೈ ತಿಳಿದಿರಲಿಲ್ಲ. ಎರಡನೇ ವಾರದಲ್ಲಿ ಇಳಿಯುವಾಗ ವೇಗ ಕಳೆದುಕೊಂಡು, ಹಳೆಯ ಅಭ್ಯಾಸದಂತೆ ಮೂತಿ ಎತ್ತಲು ಎಲಿವೇಟರ್ ಎಳೆದೆ. ಒಂದು ರೆಕ್ಕೆ ಕುಸಿದು ಮುಂಚಕ್ರ ಮುರಿಯಿತು.

ಟರ್ಬೈನ್‌ನಲ್ಲಿ ಇದಕ್ಕೆ ಮತ್ತೊಂದು ಕಷ್ಟ ಸೇರುತ್ತದೆ. ಕನಿಷ್ಠ ವೇಗದ ಓಟವಾದ ಐಡಲ್‌ನಿಂದ ಪೂರ್ಣ ಶಕ್ತಿಗೆ ಏರಲು ಎಂಜಿನ್ ಕೆಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಇಳಿಯುತ್ತಿರುವ ವಿಮಾನ ನಾಲ್ಕು ಸೆಕೆಂಡಿನಲ್ಲಿ 100 ಮೀಟರ್ ಸಾಗಿಬಿಡುತ್ತದೆ. ಆದ್ದರಿಂದ ಮತ್ತೆ ಮೇಲೇರುವ ನಿರ್ಧಾರವನ್ನು ಅಷ್ಟು ದೂರ ಮೊದಲೇ ಮಾಡಿರಬೇಕು. ಇದನ್ನು ರೂಢಿಸಿಕೊಳ್ಳಲು, ಫ್ಯಾನ್ ಜೆಟ್‌ನ ಥ್ರಾಟಲ್ ಪೂರ್ತಿ ಏರಲು ನಾಲ್ಕು ಸೆಕೆಂಡು ಹಿಡಿಯುವಂತೆ ಕೈಯಲ್ಲಿನ ನಿಯಂತ್ರಕವಾದ ಟ್ರಾನ್ಸ್‌ಮಿಟರ್‌ನಲ್ಲಿ ಹೊಂದಿಸಿ, ಮೋಟರನ್ನು ತಕ್ಷಣ ನಿಲ್ಲಿಸುವ ಸ್ವಿಚ್ಚನ್ನು ಮಾತ್ರ ಪ್ರತ್ಯೇಕವಾಗಿ ಉಳಿಸಿಕೊಂಡೆ. ಮೊದಲು ಸಾಕಷ್ಟು ಎತ್ತರದಲ್ಲಿ, ಚಕ್ರ ಮತ್ತು ಫ್ಲ್ಯಾಪ್ ಇಳಿಸಿ, ಯಾವ ವೇಗದಲ್ಲಿ ರೆಕ್ಕೆ ಕುಸಿಯುತ್ತದೆಂದು ಪದೇಪದೇ ನೋಡಿದೆ. ಆಮೇಲೆ ರನ್‌ವೇಯತ್ತ ಇಳಿದು, ನೆಲ ಮುಟ್ಟದೆಯೇ ಮೇಲೇರುವುದನ್ನು ಅಭ್ಯಾಸ ಮಾಡಿದೆ. ಒಂದು ಬ್ಯಾಟರಿ ನಾಲ್ಕು ನಿಮಿಷ ಬರುತ್ತಿದ್ದರಿಂದ ಒಂದು ಹಾರಾಟಕ್ಕೆ ಮೂರು ಪ್ರಯತ್ನಗಳಷ್ಟೇ ಸಾಧ್ಯವಾಗುತ್ತಿದ್ದವು. ಹೀಗೆ ಒಂದು ವರ್ಷ ನಡೆಯಿತು.

ಅದೇ ವರ್ಷ ಅನುಭವಿಗಳ ಟರ್ಬೈನ್‌ಗಳ ಪಕ್ಕದಲ್ಲಿ ಅಗ್ನಿಶಾಮಕ ಹಿಡಿದು ನಿಲ್ಲುವ ಕೆಲಸವನ್ನೂ ವಹಿಸಿಕೊಂಡೆ. ಒಣಪುಡಿ ಎಂಜಿನ್ನಿನೊಳಗೆ ಹೋದರೆ ಹಾಳು ಮಾಡುವುದರಿಂದ ಅಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನೇ ಬಳಸುತ್ತಾರೆ. ಸೀಮೆಎಣ್ಣೆಗೆ ಟರ್ಬೈನ್ ಆಯಿಲ್ ಬೆರೆಸುವುದು, ಇಂಧನ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಎಂಜಿನ್ ಆರಿಹೋಗುವುದು, ಚಾಲನೆಯ ವೇಳೆ ನಿಷ್ಕಾಸದ ತಾಪ ಮಿತಿ ಮೀರುತ್ತಿದೆಯೇ ಎಂದು ಗಮನಿಸುವುದು, ಇವೆಲ್ಲ ಆ ಸ್ಥಾನದಲ್ಲಿ ನಿಂತೇ ಮನಸ್ಸಿಗೆ ಇಳಿದವು.

100 ನ್ಯೂಟನ್ ನೂಕುಬಲದ ಎಂಜಿನ್ನಿನ ತರಬೇತಿ ಜೆಟ್ ಮೊದಲ ಬಾರಿ ಮೇಲೇರಿದ ದಿನ ಪಕ್ಕದಲ್ಲಿ ಅನುಮತಿ ಹೊಂದಿದ್ದ ಹಿರಿಯರೊಬ್ಬರು ನಿಂತಿದ್ದರು. ಇಳಿಯಲು ಕೊನೆಯ ತಿರುವು ಮುಗಿಸಿದಾಗ ವಿಮಾನ ರನ್‌ವೇಯ ಮಧ್ಯರೇಖೆಯಿಂದ ಬಲಕ್ಕೆ ಸರಿದಿತ್ತು. ಸರಿಪಡಿಸಲು ಹೋಗದೆ ಥ್ರಾಟಲ್ ಏರಿಸಿದೆ. ಎಂಜಿನ್ನಿನ ಶಬ್ದ ನಿಧಾನವಾಗಿ ಏರುತ್ತಿದ್ದಷ್ಟು ಹೊತ್ತೂ ರೆಕ್ಕೆಗಳನ್ನು ಸಮವಾಗಿಟ್ಟುಕೊಂಡು ಕಾದೆ. ಬೇಲಿಗೆ ಇನ್ನೂ ದೂರವಿರುವಾಗಲೇ ವಿಮಾನ ಮೇಲೇರತೊಡಗಿತು, ಮತ್ತೊಂದು ಸುತ್ತು ಹಾಕಿ ಇಳಿಸಿದೆ.