ಕೋರಿಕೆ ಯಾರದೆಂದು ಫಾರ್ಮನ್ನು ಕೇಳುವುದನ್ನು ನಿಲ್ಲಿಸಿದ್ದು

ಒಂದು ಕಾಲೇಜಿನ ವಿದ್ಯಾರ್ಥಿನಿಲಯಕ್ಕಾಗಿ ದುರಸ್ತಿ ಕೋರಿಕೆಗಳನ್ನು ದಾಖಲಿಸುವ ಚಿಕ್ಕ ವ್ಯವಸ್ಥೆಯನ್ನು ನಾನು ಜ್ಯಾಂಗೋ (ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವ ಚೌಕಟ್ಟು) ಬಳಸಿ ಕಟ್ಟಿದ್ದೆ. ಕೊಠಡಿ ಸಂಖ್ಯೆ, ತೊಂದರೆಯ ಬಗೆ, ವಿವರ ಎಂಬ ಮೂರು ಖಾನೆಗಳ ಫಾರ್ಮ್ ಅದು. ಕೋರಿಕೆ ಯಾರದೆಂದು ಗುರುತಿಸಲು, ಲಾಗಿನ್ ಆದ ವಿದ್ಯಾರ್ಥಿಯ ಐಡಿಯನ್ನು ಅದೇ ಫಾರ್ಮಿನ ಮರೆಯ ಖಾನೆಯೊಂದರಲ್ಲಿ ತುಂಬಿಟ್ಟಿದ್ದೆ. ಪರದೆಯ ಮೇಲೆ ಕಾಣದ ಖಾನೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಭಾವಿಸಿದ್ದು ನನ್ನ ತಪ್ಪು.

ವಿದ್ಯಾರ್ಥಿಯೊಬ್ಬರು ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಆ ಖಾನೆಯಲ್ಲಿದ್ದ 41ನ್ನು 42 ಮಾಡಿ ಕಳುಹಿಸಿ ತೋರಿಸಿದರು. ಕೋರಿಕೆ ಅವರ ಸಹಪಾಠಿಯ ಹೆಸರಿನಲ್ಲಿ ದಾಖಲಾಯಿತು. ಫಾರ್ಮಿನ ಜೊತೆ ಜ್ಯಾಂಗೋ ಇರಿಸುವ ಗುಪ್ತ ಸಂಕೇತವಾದ ಸಿಎಸ್‌ಆರ್‌ಎಫ್ ಟೋಕನ್ ಇದನ್ನು ತಡೆಯುತ್ತದೆಂಬ ತಪ್ಪು ಕಲ್ಪನೆ ನನಗಿತ್ತು. ಆ ಟೋಕನ್ ತಡೆಯುವುದು ಬೇರೊಂದು ತಾಣ ನಮ್ಮ ಬಳಕೆದಾರನ ಅರಿವಿಲ್ಲದೆ ಫಾರ್ಮ್ ಕಳುಹಿಸುವುದನ್ನು. ಲಾಗಿನ್ ಆದವರೇ ತಮ್ಮ ಫಾರ್ಮನ್ನು ತಿದ್ದಿ ಕಳುಹಿಸಿದರೆ ಟೋಕನ್ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ಮರೆಯ ಖಾನೆಯನ್ನು ತೆಗೆದುಹಾಕಿ, ಮಾಡೆಲ್‌ನಲ್ಲಿ (ದಾಖಲೆಯ ರಚನೆಯನ್ನು ಹೇಳುವ ಭಾಗ) ಬಳಕೆದಾರರ ಕೋಷ್ಟಕಕ್ಕೆ ಫಾರಿನ್ ಕೀ (ಇನ್ನೊಂದು ಕೋಷ್ಟಕದ ದಾಖಲೆಗೆ ಕೊಂಡಿ) ಇರಿಸಿ, ಫಾರ್ಮಿಗೆ ಮೂರು ಖಾನೆಗಳನ್ನು ಮಾತ್ರ ಹೆಸರಿಸಿ ಕೊಟ್ಟೆ. ವ್ಯೂನಲ್ಲಿ, ಅಂದರೆ ಬ್ರೌಸರಿನಿಂದ ಬಂದ ರಿಕ್ವೆಸ್ಟನ್ನು ನಿಭಾಯಿಸುವ ಕೋಡಿನಲ್ಲಿ, ಫಾರ್ಮನ್ನು ಪರಿಶೀಲಿಸಿದ ಬಳಿಕ, ಸೇವ್‌ಗೆ ‘ಕಮಿಟ್ ಫಾಲ್ಸ್’ ಎಂದು ಸೂಚಿಸಿ, ಇನ್ನೂ ಡೇಟಾಬೇಸ್ ಸೇರದ ದಾಖಲೆಯನ್ನು ಪಡೆದು, ಅದಕ್ಕೆ ರಿಕ್ವೆಸ್ಟ್‌ನಲ್ಲಿರುವ ಬಳಕೆದಾರರನ್ನು ಜೋಡಿಸಿ, ಆಮೇಲೆ ಉಳಿಸುತ್ತೇನೆ. ಆ ಬಳಕೆದಾರರು ಯಾರೆಂಬುದನ್ನು ಸರ್ವರ್ ತಾನೇ ಇಟ್ಟುಕೊಂಡ ಲಾಗಿನ್ ದಾಖಲೆಯಾದ ಸೆಷನ್‌ನಿಂದ ತಿಳಿಯುತ್ತದೆ. ಫಾರ್ಮಿನಲ್ಲಿ ಏನನ್ನು ತಿದ್ದಿದರೂ ಅದು ಬದಲಾಗದು. ಲಾಗಿನ್ ಆಗದವರು ಈ ವ್ಯೂ ತಲುಪದಂತೆಯೂ ತಡೆ ಹಾಕಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಇದಾದ ನಂತರದ ಒಂದು ತೊಡಕು. ಒಬ್ಬ ವಿದ್ಯಾರ್ಥಿಯಿಂದ ಒಂದೇ ಕೊಠಡಿಯ ಒಂದೇ ಬಗೆಯ ತೊಂದರೆಗೆ ಎರಡು ಕೋರಿಕೆ ಬಾರದಿರಲೆಂದು ಡೇಟಾಬೇಸಿನಲ್ಲಿ ನಿರ್ಬಂಧ ಇಟ್ಟಿದ್ದೆ. ಬಳಕೆದಾರರ ಖಾನೆ ಫಾರ್ಮಿನಲ್ಲಿ ಇಲ್ಲದ್ದರಿಂದ ಜ್ಯಾಂಗೋ ಆ ನಿರ್ಬಂಧವನ್ನು ಫಾರ್ಮ್ ಪರಿಶೀಲನೆಯ ಹಂತದಲ್ಲಿ ನೋಡುವುದೇ ಇಲ್ಲ. ಹಾಗಾಗಿ ಎರಡನೆಯ ಕೋರಿಕೆ ಪರಿಶೀಲನೆಯಲ್ಲಿ ಪಾರಾಗಿ, ಉಳಿಸುವಾಗ ‘ಇಂಟೆಗ್ರಿಟಿ ಎರರ್’ (ನಿರ್ಬಂಧ ಮುರಿದಾಗ ಡೇಟಾಬೇಸ್ ಕೊಡುವ ದೋಷ) ಆಗಿ ಮುರಿದುಬಿದ್ದು, ವಿದ್ಯಾರ್ಥಿಗೆ 500ರ ದೋಷಪುಟ ಕಾಣುತ್ತಿತ್ತು. ಫಾರ್ಮನ್ನು ರಚಿಸುವಾಗಲೇ ಅದಕ್ಕೆ ಬಳಕೆದಾರರನ್ನು ಒಪ್ಪಿಸಿ, ಫಾರ್ಮನ್ನು ಪರಿಶೀಲಿಸುವ ಕ್ಲೀನ್ ವಿಧಾನದೊಳಗೆ ಅಂಥದೇ ಕೋರಿಕೆ ಈಗಾಗಲೇ ಇದೆಯೇ ಎಂದು ಹುಡುಕಿ ನೋಡುವಂತೆ ಮಾಡಿದ ಮೇಲೆ, ‘ಈ ತೊಂದರೆಯನ್ನು ನೀವು ಈಗಾಗಲೇ ತಿಳಿಸಿದ್ದೀರಿ’ ಎಂಬ ಸಂದೇಶ ಫಾರ್ಮಿನಲ್ಲಿಯೇ ಬರತೊಡಗಿತು. ಎರಡು ಕೋರಿಕೆಗಳು ಏಕಕಾಲಕ್ಕೆ ಬಂದರೆ ಈ ಹುಡುಕಾಟವೊಂದೇ ಸಾಲದಾದ್ದರಿಂದ, ಡೇಟಾಬೇಸಿನ ನಿರ್ಬಂಧವನ್ನು ಹಾಗೆಯೇ ಉಳಿಸಿಕೊಂಡೆ.

ಹಳೆಯ ದಾಖಲೆಗಳಲ್ಲಿದ್ದ ಐಡಿಗಳನ್ನು ನಂಬುವಂತಿರಲಿಲ್ಲ. ಹೊಸ ಫಾರಿನ್ ಕೀಯನ್ನು ಮೊದಲು ಖಾಲಿ ಬಿಡಬಹುದಾದಂತೆ ಸೇರಿಸಿ, ವಾರ್ಡನ್ ಅವರ ಕೊಠಡಿ ಪುಸ್ತಕದೊಂದಿಗೆ ತಾಳೆ ನೋಡಿ ತುಂಬಿ, ತಾಳೆಯಾಗದವನ್ನು ಪ್ರತ್ಯೇಕ ಖಾತೆಯೊಂದಕ್ಕೆ ಸೇರಿಸಿದ ನಂತರವೇ ಅದನ್ನು ಕಡ್ಡಾಯಗೊಳಿಸಿದೆ.

ತಿದ್ದುವ ಪುಟದಲ್ಲಿಯೂ ಇದೇ ದೋಷ ಅಡಗಿತ್ತು: ವಿಳಾಸದ ಕೊನೆಯ ಸಂಖ್ಯೆಯನ್ನು ಬದಲಿಸಿದರೆ ಇನ್ನೊಬ್ಬರ ಕೋರಿಕೆ ತೆರೆಯುತ್ತಿತ್ತು. ಈಗ ಆ ಪುಟ ಲಾಗಿನ್ ಆದವರ ಕೋರಿಕೆಗಳ ನಡುವೆ ಮಾತ್ರ ಹುಡುಕುತ್ತದೆ. ಒಂದು ಖಾತೆಯಿಂದ ಕೋರಿಕೆ ಸಲ್ಲಿಸಿ, ಇನ್ನೊಂದು ಖಾತೆಯಿಂದ ಅದನ್ನು ತೆರೆಯಲು ಯತ್ನಿಸಿ 404 (ಪುಟ ಸಿಗಲಿಲ್ಲ ಎಂಬ ಉತ್ತರ) ಬರುವುದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಯನ್ನು ಬರೆದಿಟ್ಟಿದ್ದು, ಪ್ರತಿ ಬದಲಾವಣೆಗೂ ಮುನ್ನ ಅದನ್ನು ಓಡಿಸುತ್ತೇನೆ.